ಹನ್ನೆರಡು ಮೈಲಿಯಾಚೆ

ಫುಜೈರಾದ ಕಡಲಂಚಿನಲ್ಲಿ ಕರಕ್ ಚಹಾ ಹಿಡಿದು
ಮಗಳು ದೀಪ ಎಣಿಸುತ್ತಾಳೆ. ನಲವತ್ತೊಂದು, ನಲವತ್ತೆರಡು,
ಅಗೋ ಅದು ನಿನ್ನೆ ಅಲ್ಲಿರಲಿಲ್ಲ.
"ಕಟ್ಟಿಹಾಕಬಾರದಾ ಅಪ್ಪಾ ಅವನ್ನು?"

ಕಟ್ಟುವುದಕ್ಕೆ ನೆಲ ಸಿಗಬೇಕಲ್ಲ ಮಗೂ.
ಸರಪಳಿ ನೂರೈವತ್ತು ಮಾರು,
ಅಲ್ಲಿ ನೀರು ಇನ್ನೂರೈವತ್ತು.
ಲಂಗರು ಬಿಟ್ಟರೆ ಆಳದ ಬಾವಿಗಿಳಿದ ಕೊಡ,
ಹಗ್ಗ ಸಾಲದೆ ಕೈಯನ್ನೂ ಕೇಳುತ್ತದೆ.
ದಡದ ಹತ್ತಿರ ನೆಲವುಂಟು, ನೆಲಕ್ಕೆ ಬಾಡಿಗೆಯುಂಟು,
ದಿನಕ್ಕಿಷ್ಟು, ಟನ್ನಿಗಿಷ್ಟು.
ತೇಲುವುದಕ್ಕೆ ಇನ್ನೂ ಯಾರೂ ಚೀಟಿ ಹರಿದಿಲ್ಲ.

ಬರ್ತ್ ಖಾಲಿಯಿಲ್ಲ. ಒಳಗಿರುವವನ ಸಿಮೆಂಟು ಇಳಿದಿಲ್ಲ.
ಆಮೇಲೆ ಕಾಗದ: ಸರಕು ಕೊಂಡವನು ಹಣ ಕಟ್ಟಿಲ್ಲ,
ಇಲ್ಲವೇ ಕೊಂಡವನೂ ಮಾರಿದ್ದಾನೆ, ಅವನಿಂದ ಕೊಂಡವನು
ದರ ಏರಲೆಂದು ಕೂತಿದ್ದಾನೆ ಯಾವುದೋ ಊರಲ್ಲಿ ಫೋನ್ ಹಿಡಿದು,
ಹಡಗಿನ ಹೆಸರೂ ತಿಳಿಯದೆ.

ಅದಕ್ಕೇ ಯಂತ್ರ ನಿಲ್ಲಿಸಿ ಮೈಬಿಡುತ್ತಾರೆ ನೀರಿಗೆ.
ಗಾಳಿ ತಳ್ಳಿದತ್ತ ಸರಿಯುತ್ತದೆ ಇಡೀ ಹಡಗು, ಅಡ್ಡಡ್ಡ,
ಕೆರೆಯಲ್ಲಿ ಎಮ್ಮೆ ಸರಿದಂತೆ.
ರಾತ್ರಿ ಎರಡಕ್ಕೆ ಯಾರೋ ನಕ್ಷೆ ನೋಡಿ ಹೌಹಾರಿ
ಯಂತ್ರ ಎಬ್ಬಿಸುತ್ತಾರೆ. ಒಂಬತ್ತು ಮೈಲಿ ಹಿಂದಕ್ಕೆ,
ನಿನ್ನೆ ಇದ್ದಲ್ಲಿಗೇ. ಮತ್ತೆ ನಿಲ್ಲಿಸಿ, ಮತ್ತೆ ಸರಿದು.
ದಿನಚರಿ ಪುಸ್ತಕದಲ್ಲಿ ಒಂದೇ ಮಾತು: ತೇಲುತ್ತಿದ್ದೇವೆ.

ಮಗಳಿಗೆ ಇದನ್ನೆಲ್ಲ ಹೇಳಲಿಲ್ಲ. ಅರ್ಧ ಹೇಳಿದೆ.
ಇನಾಸನ ಸುದ್ದಿ ಎತ್ತಲೇ ಇಲ್ಲ.

ಇನಾಸ್ ಫರ್ನಾಂಡಿಸ್, ಅಡುಗೆಯವನು, ಹೊನ್ನಾವರದ ಕಾಸರಕೋಡಿನವನು.
ಹತ್ತೊಂಬತ್ತನೆಯ ದಿನ ಏಜೆಂಟರ ಆಫೀಸಿನ ರೇಡಿಯೋದಲ್ಲಿ
ಕ್ಯಾಪ್ಟನ್ನಿನ ಇಂಗ್ಲಿಷ್ ಮುಗಿದ ಮೇಲೆ
ನುಸುಳಿ ಬಂತು ಕನ್ನಡ:
"ಮಾರಾಯ್ರೆ, ಕೊತ್ತಂಬರಿ ಸೊಪ್ಪು ಖಾಲಿ.
ಕೋಳಿ ಉಂಟು, ಕಲ್ಲಾಗಿದೆ. ಅಕ್ಕಿ ಉಂಟು.
ಹಸಿರು ಅಂತ ಇರೋದು ಡೆಕ್ಕಿನ ಬಣ್ಣ ಒಂದೇ."

ಲಾಂಚು ಹೋಗಿಬರಲು ಎರಡು ಸಾವಿರ ದಿರ್ಹಮ್.
ಮಾಲೀಕರಿಗೆ ಮೇಲ್ ಕಳಿಸಿದೆ. ಸಭ್ಯವಾದ ಉತ್ತರ:
ಬರ್ತ್ ಸಿಕ್ಕಾಗ ನೋಡೋಣ.
ನಾನೇ ಎರಡು ಕಟ್ಟು ತಂದು, ಒದ್ದೆ ಪೇಪರಿನಲ್ಲಿ ಸುತ್ತಿ
ಆಫೀಸಿನ ಫ್ರಿಜ್ಜಿನಲ್ಲಿಟ್ಟೆ,
ಅತ್ತ ಹೋಗುವ ಯಾವುದಾದರೂ ದೋಣಿಗೆ.

ಮೂರು ದಿನ. ನಾಲ್ಕು.
ಎಲೆಯಂಚು ಹಳದಿಗಿತು.
ಐದನೆಯ ಬೆಳಿಗ್ಗೆ ಅವರಿಗೆ ಆದೇಶ ಬಂತು,
ಒಳಕ್ಕಲ್ಲ, ಬೇರೆ ಬಂದರಿಗೆ.

"ನಲವತ್ತೊಂದೇ," ಎಂದಳು ಮಗಳು ಆ ಸಂಜೆ.
"ಒಂದು ದಡಕ್ಕೆ ಬಂತಾ ಅಪ್ಪಾ?"
ಹ್ಞೂಂ ಎಂದೆ.

ಹಳದಿ ಎಲೆ ಕಿತ್ತು, ಉಳಿದ ಸೊಪ್ಪನ್ನು
ರಾತ್ರಿಯ ಸಾರಿಗೆ ಹಾಕಿದೆವು.
ಅಷ್ಟು ದಿನಕ್ಕೂ ಘಮ ಹೋಗಿರಲಿಲ್ಲ.