ಕಾರಣ: ಮೂರು ಸಾಲು ಮೀರಬಾರದು

ಮಾನ್ಯರೇ,
ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಸಾಲಿನ ಮೇಲೆ
ಒಮ್ಮೆ ಬೆರಳಿಟ್ಟು ನಡೆಯಿರಿ.
ಗೈರೆಲ್ಲ ಬರೀ ಮಂಗಳವಾರ, ಶುಕ್ರವಾರ.
ಸೋಮಾರಿಗೆ ಇಷ್ಟು ಶಿಸ್ತು ಇರುವುದಿಲ್ಲ.

ಅಜ್ಜರಕಾಡಿನ ಆಸ್ಪತ್ರೆಯಲ್ಲಿ ಅಮ್ಮನ ಪಾಲಿಗೆ
ಯಂತ್ರ ಸಿಕ್ಕಿದ್ದು ಆ ಎರಡು ದಿನ.
ಉಳಿದ ದಿನ ಬಂದಿದ್ದೇನೆ,
ನಸುಕಿಗೇ ಮಲ್ಪೆಯಲ್ಲಿ ಸಿಗಡಿ ಸುಲಿದು
ಐಸು ಕಚ್ಚಿದ ಬೆರಳಲ್ಲಿ ಪೆನ್ನು ಹಿಡಿದು
ಕೊನೆಯ ಬೆಂಚಿಗೆ.

ತಪ್ಪಿದ ಪ್ರಯೋಗ ಯಾವುದೆಂದು ಫ್ಲೇವಿಯಾ ಹೇಳಿದಳು:
ತೆಳು ಪೊರೆಯೊಂದು
ಯಾವುದನ್ನು ದಾಟಿಸುತ್ತದೆ, ಯಾವುದನ್ನು ತಡೆಯುತ್ತದೆ.
ಅದನ್ನು ನಾನು ನೋಡಿದೆ ಸರ್,
ಸ್ಟೂಲಿನ ಮೇಲೆ ಕೂತು, ನಾಲ್ಕು ಗಂಟೆ,
ನಳಿಗೆಯಲ್ಲಿ ಕೆಂಪು ಹೋಗುವುದು
ಕೆಂಪು ಬರುವುದು.
ರೆಕಾರ್ಡು ಮಾತ್ರ ಬರೆದಿಲ್ಲ.

ಆಸ್ಪತ್ರೆಯ ಚೀಟಿಗಳನ್ನು ಲಗತ್ತಿಸಿದ್ದೇನೆ.
ಗುಮಾಸ್ತರು ಮೂಗು ಮುರಿದು ಬದಿಗಿಟ್ಟರು,
ಮೀನಿನ ವಾಸನೆ ಇರಬಹುದು, ಕ್ಷಮಿಸಿ.
ಮೂರು ಸಾಲು ಎಂದಿತ್ತು,
ಅದೂ ಮೀರಿತು.

ನನ್ನ ಹೆಸರು ತೆಗೆದದ್ದು ಅಮ್ಮನಿಗೆ ಗೊತ್ತಿಲ್ಲ.
ಇವತ್ತೂ ಬುತ್ತಿ ಕಟ್ಟಿಕೊಟ್ಟಿದ್ದಾಳೆ.
ನಿಮ್ಮ ಬಾಗಿಲ ಹೊರಗೆ, ನನ್ನ ತೊಡೆಯ ಮೇಲೆ
ಅದಿನ್ನೂ ಬೆಚ್ಚಗಿದೆ.

ಇಂತಿ,
ನಿಶ್ಮಿತಾ ಕುಂದರ್, ಮೂರನೇ ಸೆಮಿಸ್ಟರ್.
ಇವತ್ತು ಬುಧವಾರ.