ನೂರಿಪ್ಪತ್ತು ತಟ್ಟೆ

ಸಾಲಗಾಮೆ ರಸ್ತೆಯ ಕಡೆ ಬಿಳಿ ಬೋಗುಣಿಗಳು
ಆಕಾಶಕ್ಕೆ ಬಾಯಿ ತೆರೆದು ಕೂತದ್ದನ್ನು
ಬಸ್ಸಿನಿಂದ ಎಲ್ಲರೂ ನೋಡಿರುತ್ತಾರೆ.
ಅವುಗಳ ಹಿಂದೆ, ಕಾಣದ ಕಡೆ, ನನ್ನ ಒಲೆ.

ಕ್ಯಾಂಟೀನಿನ ಗೋಡೆಗೊಂದು ಕಪ್ಪುಹಲಗೆ.
ಎಡಕ್ಕೆ ಇವತ್ತಿನ ತಿಂಡಿ, ಬಲಕ್ಕೆ ಬರಲಿರುವ ಉಪಗ್ರಹ,
ಎರಡೂ ನನ್ನದೇ ಕೈಬರಹ.
ಈ ಸಲ ಎರಡಂತೆ: ಒಂದು ಮಾತಿಗೆ, ಒಂದು ನೋಟಕ್ಕೆ.
ಹೆಸರು ಬರೆಯುವುದಿಲ್ಲ, ರಾತ್ರಿಯೂಟದ ಲೆಕ್ಕ ಬರೆಯುತ್ತೇನೆ.
ಮಾತಿನದಕ್ಕೆ ನೂರಿಪ್ಪತ್ತು ತಟ್ಟೆ, ಹನ್ನೊಂದು ರಾತ್ರಿ;
ನೋಟದ್ದಕ್ಕೆ ನಲವತ್ತು, ಮೂರೇ ರಾತ್ರಿ.
ಅದು ಬೇರೆ ಊರಿನವರ ಕೆಲಸ, ನಾವು ಬರೀ ಕೈಜೋಡಿಸುವವರು.

ತಾರೀಕು ಮಾತ್ರ ಸೀಮೆಸುಣ್ಣದಲ್ಲೇ ಇರಲಿ ಅಂತ
ಶಕೀಲಾ ಮೇಡಂ ಮೊದಲ ದಿನವೇ ಹೇಳಿದ್ದರು.
ಹದಿನಾಲ್ಕು ಅಳಿಸಿ ಇಪ್ಪತ್ತೊಂದು,
ಇಪ್ಪತ್ತೊಂದು ಅಳಿಸಿ ಬರೀ ಒಂದು ಅಡ್ಡಗೆರೆ.
ಅಲ್ಲಿ ಸಮುದ್ರದ ದಡದಲ್ಲಿ ಒಂದು ಕವಾಟ ಸೋರಿದರೆ
ಇಲ್ಲಿ ಹಾಸನದಲ್ಲಿ ನಾನು ನೆನೆಸಿಟ್ಟ ಕಡಲೆ
ಮೊಳಕೆಯೊಡೆದು ಕೂರುತ್ತದೆ.

ನಾನು ಧರಣೇಂದ್ರಯ್ಯ. ಬಸದಿಯ ಬೀದಿಯವನು.
ಹೊತ್ತು ಮುಳುಗಿದ ಮೇಲೆ ತುತ್ತು ಎತ್ತಿದವನಲ್ಲ,
ಮಧ್ಯರಾತ್ರಿ ಬಡಿಸುತ್ತ ಬಂದು ಇಪ್ಪತ್ತಾರು ವರ್ಷ.
ನೆಲದೊಳಗೆ ಬೆಳೆದದ್ದು ನಮಗಾಗದು,
ಆಲೂಗಡ್ಡೆ ಪಲ್ಯಕ್ಕೆ ಇಲ್ಲಿ ನನ್ನದೇ ಹೆಸರು.
ಉಪ್ಪು ಹೇಗೆ ತಿಳಿಯುತ್ತೆ ನಿಮಗೆ, ಅಂತಾರೆ ಹೊಸ ಹುಡುಗರು.
ಬೇಯುವ ಸದ್ದಿನಲ್ಲಿ, ಅನ್ನುತ್ತೇನೆ.
ಸುಳ್ಳು.
ತಿಂದವರ ಮುಖ ನೋಡಿ ನಾಳೆಗೆ ತಿದ್ದುತ್ತೇನೆ.

ಒಮ್ಮೆ ಮೇಡಂನ ಕೇಳಿದೆ, ನೀವು ಅದನ್ನು ಮುಟ್ಟಿದ್ದೀರಾ?
ಇಲ್ಲ ಅಯ್ಯಾ. ಗಾಜಿನಾಚೆಯಿಂದ ನೋಡಿದ್ದೆ, ಒಂದೇ ಸಲ.
ಮೂವತ್ತಾರು ಸಾವಿರ ಕಿಲೋಮೀಟರು;
ತಿರುಗು ಅಂದರೆ ತಿರುಗುತ್ತೆ,
ತಿರುಗಿದೆ ಅಂತ ಅದು ಹೇಳುವಷ್ಟರಲ್ಲಿ
ನಾವೊಂದು ಸಲ ರೆಪ್ಪೆ ಬಡಿದಿರುತ್ತೇವೆ.
ವರ್ಷಕ್ಕೆರಡು ಕಾಲ ಭೂಮಿಯ ನೆರಳಿಗೆ ಸಿಕ್ಕಿ
ಕೂಡಿಟ್ಟದ್ದನ್ನೇ ಉಣ್ಣುತ್ತದಂತೆ, ಬಿಸಿಲು ಮರಳುವ ತನಕ.
ನಮ್ಮ ಮನೆಯದಾಗಿದ್ದರೆ ಉಪವಾಸವೇ ಇರಬೇಕಿತ್ತು, ಎಂದೆ.
ಮೇಡಂ ನಕ್ಕ ರಭಸಕ್ಕೆ ಟೀ ದುಪಟ್ಟಾಕ್ಕೆ ಚೆಲ್ಲಿತು.

ಕಟ್ಟಾಯದಿಂದ ಆಲೂಗಡ್ಡೆ ತರುವ ಪುಟ್ಟಲಕ್ಷ್ಮಮ್ಮನಿಗೆ
ಹಲಗೆಯ ಬಲಗಡೆಯೇ ಕಣ್ಣು.
ಎಲೆ ಕಪ್ಪಾಗೋ ಮುಂಚೆ ಮೇಲಿಂದಲೇ ಗೊತ್ತಾಗ್ತದಂತಲ್ಲ, ಅಂಗಮಾರಿ?
ಗೊತ್ತಾಗುತ್ತದಂತಮ್ಮ.
ಗೊತ್ತಾಗಿ, ಯಾರಿಗೆ ಹೇಳ್ತದೆ ಅದು?
ನಾನು ಮೂಟೆಯ ಹುರಿ ಬಿಚ್ಚುತ್ತ ನಿಂತೆ.
ತಕ್ಕಡಿಗೆ ಇನ್ನೊಂದು ಗೆಡ್ಡೆ ಎಸೆದು ಹೋದಳು.

ಕೊನೆಗೆ ಮೊನ್ನೆ, ಮಾತಿನದು.
ಬೆಂಕಿ ಹಾಸನಕ್ಕೆ ಕಾಣುವುದಿಲ್ಲ, ಗುಡುಗೂ ಇಲ್ಲ.
ಗೋಡೆಯಾಚೆ ಚಪ್ಪಾಳೆ ಕೇಳಿದರೆ ಒಗ್ಗರಣೆ, ಅದು ನನ್ನ ಲೆಕ್ಕ.
ಇಪ್ಪತ್ತು ನಿಮಿಷ. ಸಾಸಿವೆ ಮುಷ್ಟಿಯಲ್ಲೇ.
ಇಪ್ಪತ್ತೆರಡು. ಎಣ್ಣೆ ಹೊಗೆಯೆದ್ದು ಕೆಳಗಿಳಿಸಿದೆ.
ಹಿಂಬಾಗಿಲಿಗೆ ಬಂದರೆ ದೊಡ್ಡ ಬೋಗುಣಿ
ಮೊಸರು ಮುಟ್ಟದ ಬೆಕ್ಕಿನ ಹಾಗೆ
ಗೊತ್ತಾಗದಷ್ಟು ನಿಧಾನ ಕತ್ತು ಹೊರಳಿಸುತ್ತಿತ್ತು.

ಆಮೇಲೆ ಚಪ್ಪಾಳೆ. ಶುರುವಾಗಿ, ನಡುವೆಯೇ ನಿಂತಿತು.
ಒಂದು ರೆಕ್ಕೆ ಬಿಚ್ಚಿದೆ, ಇನ್ನೊಂದು ಬಿಚ್ಚಿಲ್ಲ
ಅಂತ ಯಾರೋ ಫೋನಿನಲ್ಲಿ ಹೇಳುತ್ತ ಕಾರಿಡಾರು ದಾಟಿದರು.

ಅರ್ಧ ಚಪ್ಪಾಳೆಗೆ ಒಗ್ಗರಣೆ ಹಾಕಬೇಕೋ ಬೇಡವೋ
ಯಾರೂ ಹೇಳಿಕೊಟ್ಟಿರಲಿಲ್ಲ.
ಹಾಕಿದೆ.

ಮೂರು ಗಂಟೆಗೆ ಮೇಡಂ ಬಂದು ನಿಂತೇ ತಿಂದರು.
ಉಪ್ಪು? ಎಂದೆ.
ತಟ್ಟೆಯನ್ನು ಬಹಳ ದೂರದ್ದೇನೋ ಎಂಬಂತೆ ನೋಡಿ
ಸ್ವಲ್ಪ ಕಮ್ಮಿ, ಅಂದರು.

ಹಲಗೆಯ ಮೇಲೆ ಹನ್ನೊಂದು ಅಳಿಸಿ
ಹದಿನೈದು ರಾತ್ರಿ ಎಂದು ಬರೆದೆ.
ಕಡಲೆ ನೆನೆಹಾಕಿದೆ.