ಚಿಲ್ಲರೆ

ಬಿಜೈಯ ಆ ಮನೆಯಲ್ಲಿ ನನ್ನ ಮೊದಲ ರಾತ್ರಿ.
ಕರೆಂಟು ಹೋಗಿ ಬಂತು.
‘ಪುಟ್ ಔಟ್ ದ ಕ್ಯಾಂಡಲ್, ಗುಲಾಬಿ’ ಎಂದರು ಸೆವ್ರಿನ್ ಟೀಚರ್.
ಪುಟ್ ಎಂದರೆ ಇಡು, ಔಟ್ ಎಂದರೆ ಹೊರಗೆ,
ಅಷ್ಟು ಇಂಗ್ಲಿಷ್ ತೊಕ್ಕೊಟ್ಟಿನ ಶಾಲೆ ನನಗೂ ಕೊಟ್ಟಿತ್ತು.
ಅಂಗೈ ಅಡ್ಡ ಹಿಡಿದು, ಆರದ ಹಾಗೆ ಜೋಪಾನ ಮಾಡಿ
ಸಿಟೌಟಿನ ಕಟ್ಟೆಯ ಮೇಲೆ ಇಟ್ಟು ಬಂದೆ.

ನಗೆಯೆಂದರೆ ನಗೆ. ಹಲ್ಲಿನ ಸೆಟ್ಟು ಕೈಗೆ ಬಂತು ಅವರಿಗೆ.
‘ಕೂತುಕೋ, ಒಂದು ಕಥೆ ಹೇಳುತ್ತೇನೆ.’

ಹಾಗೆ ಶುರು. ರಾತ್ರಿಗೊಂದು,
ಶುಗರಿನ ಮಾತ್ರೆಗೂ ಕಾಲಿಗೆ ಎಣ್ಣೆ ತಿಕ್ಕುವುದಕ್ಕೂ ನಡುವೆ.
ವಾಮಂಜೂರಿನ ಮದುವೆ, ಆರುನೂರು ಜನ,
ಅಡುಗೆಯ ಲಾದ್ರು ಓಡಿ ಬಂದು ಕೂಗಿದ:
‘ಪೋರ್ಕ್ ರನ್ ಔಟ್!’
ಮದುಮಗನ ಅಜ್ಜ ಕೋಲು ಹಿಡಿದು ಗದ್ದೆಗಿಳಿದ,
ಓಡಿಹೋದ ಹಂದಿಯನ್ನು ಹುಡುಕಲು.

ಸುಲ್ತಾನ್ ಬತ್ತೇರಿಯ ಕಡವಿನ ಹಸನಬ್ಬ
ನೀರಿಗೆ ಬಿದ್ದ ಉಂಗುರವನ್ನು ಲುಕ್ ಫಾರ್ ಮಾಡಿದ,
ಉಂಗುರದ ಒಡತಿ ಅವನನ್ನು ಲುಕ್ ಡೌನ್ ಮಾಡಿದಳು,
ಅವಳು ಜ್ವರದಲ್ಲಿ ಬಿದ್ದಾಗ
ಅವಳ ನಾಯಿಯನ್ನು ಲುಕ್ ಆಫ್ಟರ್ ಮಾಡಿದವನೂ ಅವನೇ.
‘ಕಣ್ಣು ಅದೇ, ಬಾಲ ಬೇರೆ’ ಎಂದರು ಟೀಚರ್.
‘ಇನ್, ಔಟ್, ಅಪ್, ಆಫ್, ಎಲ್ಲ ಚಿಲ್ಲರೆ.
ಚಿಲ್ಲರೆ ಇಲ್ಲದೆ ಬಸ್ಸು ಹತ್ತಬೇಡ ಮಾರಾಯ್ತಿ.’

ನಾನೂ ಬಿಡಲಿಲ್ಲ. ನಮ್ಮಲ್ಲೂ ಉಂಟಲ್ಲ ಟೀಚರ್,
ಧಾರೆಯ ದಿನ ಗಂಡ ಕೈ ಹಿಡಿದ,
ಮೂರನೇ ವರ್ಷ ಕೈ ಕೊಟ್ಟ.
ಕೈ ಅದೇ.
ಅವರು ನಗಲಿಲ್ಲ. ಕನ್ನಡಕ ಹಾಕಿ
ತಮ್ಮ ನೋಟುಬುಕ್ಕಿನಲ್ಲಿ ಅದನ್ನು ಬರೆದುಕೊಂಡರು.

ಆಟಿಯ ಒಂದು ಬೆಳಿಗ್ಗೆ ಬಾಯಿ ಎಡಕ್ಕೆ ವಾಲಿತು.
ಆಸ್ಪತ್ರೆಯಿಂದ ಬಂದಾಗ ದೊಡ್ಡ ನೋಟುಗಳೆಲ್ಲ ಇದ್ದವು:
ಕ್ಯಾಂಡಲ್, ಇಗರ್ಜಿ, ಮಂಗಳವಾರ, ನನ್ನ ಹೆಸರು.
ಚಿಲ್ಲರೆ ಮಾತ್ರ ಎಲ್ಲೋ ಉದುರಿಹೋಗಿತ್ತು.
‘ಗುಲಾಬಿ... ಲುಕ್...’ ಎಂದು ನನ್ನನ್ನೇ ನೋಡುವರು.
ಫಾರೋ, ಡೌನೋ, ಆಫ್ಟರೋ,
ನೋಡು ಎಂದೋ, ನೋಡಿಕೋ ಎಂದೋ.
ಒಂದು ‘ಕೋ’ ಉದುರಿದರೆ ನಾನು ಈ ಮನೆಯಲ್ಲಿ ಯಾರು
ಎಂಬುದೇ ಉದುರಿಹೋಗುತ್ತದೆಂದು
ಹೊಳೆದದ್ದು ಆವತ್ತು.

ಈಗ ಕಥೆ ಹೇಳುವುದು ನಾನು.
ಎಣ್ಣೆ ತಿಕ್ಕುತ್ತಾ ವಾಮಂಜೂರಿಗೆ ಹೋಗುತ್ತೇನೆ,
ಆರುನೂರು ಜನಕ್ಕೆ ಪ್ಲೇಟು ಹಂಚುತ್ತೇನೆ,
ಲಾದ್ರುವನ್ನು ಏದುಸಿರಲ್ಲಿ ಓಡಿಸಿ ತಂದು
‘ಪೋರ್ಕ್ ರನ್...’ ಎಂದು ಬಾಯಿ ಮುಚ್ಚಿ ಕೂರುತ್ತೇನೆ.
ಗಡಿಯಾರ. ರಸ್ತೆಯಲ್ಲಿ ಕಡೆಯ ಬಸ್ಸಿನ ಹಾರ್ನು.
ತುಟಿ ತಡಕುತ್ತದೆ,
ಪರ್ಸಿನ ಮೂಲೆಯಲ್ಲಿ ಬೆರಳು ತಡಕಿದಂತೆ.
ಕೆಲವು ರಾತ್ರಿ ಸಿಗುತ್ತದೆ. ಹೆಚ್ಚಿನ ರಾತ್ರಿ ಇಲ್ಲ.

ನಿನ್ನೆ ಕರೆಂಟು ಹೋಗಿ ಬಂದಾಗ
ಕ್ಯಾಂಡಲಿನ ಕಡೆ ನೋಡಿ ‘ಪುಟ್...’ ಎಂದರು.
ಕಾದೆ. ಮೇಣ ಉಗುರಿನಷ್ಟು ಇಳಿಯುವವರೆಗೆ ಕಾದೆ.
ಮತ್ತೆ ಎದ್ದು, ಅಂಗೈ ಅಡ್ಡ ಹಿಡಿದು,
ಜೋಪಾನವಾಗಿ ಹೊರಗೆ ಕಟ್ಟೆಯ ಮೇಲೆ ಇಟ್ಟು ಬಂದೆ.

‘ಪಿಶೆಂ!’ ಎಂದು ಬೈದರು ಕೊಂಕಣಿಯಲ್ಲಿ,
ಅರ್ಧ ಮುಖದಲ್ಲಿ ಅಷ್ಟೂ ನಗೆ.
ಔಟ್ ಬರಲೇ ಇಲ್ಲ.
ಬೆಳಿಗ್ಗೆ ಎದುರು ಮನೆಯ ಜೂಡಿತ್ ಕೇಳಿದಳು,
ನಿಮ್ಮಲ್ಲಿ ನಿನ್ನೆ ಯಾವ ಹಬ್ಬ?